ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾರಾಮುಲ್ಲಾದ ಹತ್ತೊಂಬತ್ತರ ಹುಡುಗ

ಹೋದ ಸಂಚಿಕೆಯಲ್ಲಿ ಒಬ್ಬರು ಒಂದೇ ಸಾಲಿನಲ್ಲಿ ಕೇಳಿದ್ದರು: "ಮಕ್ಬೂಲ್ ಶೇರ್ವಾನಿ ಯಾರು?" ನಾನೂ ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೆ. ಕಾಶ್ಮೀರದ ಬಾರಾಮುಲ್ಲಾದವನು, ನ್ಯಾಷನಲ್ ಕಾನ್ಫರೆನ್ಸ್ ಪಕ್ಷದ ಕಾರ್ಯಕರ್ತ, 1947ರ ನವೆಂಬರ್‌ನಲ್ಲಿ ಗಡಿಯಾಚೆಯಿಂದ ಬಂದ ದಾಳಿಕೋರರು ಕೊಂದರು, ಆಗ ವಯಸ್ಸು 19 ಅಂತ. ಅಷ್ಟಕ್ಕೇ ಕಾಗದ, ಮೆಸೇಜು ಬಂದವು ನೋಡಿ! ಕೆಲವರು ಇನ್ನಷ್ಟು ಹೇಳಿ ಅಂದರು, ಕೆಲವರು ಜಗಳಕ್ಕೇ ಬಂದರು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವನದೇ. ಕ್ರಿಕೆಟ್ ಬಗ್ಗೆ, ಕೂದಲು ಉದುರುವ ಬಗ್ಗೆ ಪ್ರಶ್ನೆ ಕಳಿಸಿದವರು ದಯವಿಟ್ಟು ಒಂದು ಸಂಚಿಕೆ ತಡೆದುಕೊಳ್ಳಿ.

ಪ್ರಶ್ನೆ: ನಾಲ್ಕು ಸಾಲಿಗೆ ಹೊಟ್ಟೆ ತುಂಬಲಿಲ್ಲ. ಅಷ್ಟು ಚಿಕ್ಕ ಹುಡುಗ ಮಾಡಿದ್ದಾದರೂ ಏನು? ಮೊದಲಿಂದ ಹೇಳಿ. (ಆರ್. ಎಂ., ಚಿತ್ರದುರ್ಗ)

ಉತ್ತರ: ಮೊದಲಿಂದ ಅಂದರೆ ಅವನ ಪಕ್ಷದಿಂದ ಶುರು ಮಾಡಬೇಕು ಸಾರ್. ಇಲ್ಲದಿದ್ದರೆ ಅವನು ಆಕಾಶದಿಂದ ಉದುರಿದವನ ಥರ ಕಾಣುತ್ತಾನೆ.

ಮಹಾರಾಜ ಹರಿ ಸಿಂಗ್ ಆಳುತ್ತಿದ್ದ ಕಾಲ. 1932ರಲ್ಲಿ ಶೇಖ್ ಅಬ್ದುಲ್ಲಾ ಮತ್ತು ಸಂಗಡಿಗರು ಮುಸ್ಲಿಂ ಕಾನ್ಫರೆನ್ಸ್ ಅಂತ ಪಕ್ಷ ಕಟ್ಟಿದರು. 1939ರಲ್ಲಿ ಹೆಸರಿನಿಂದ 'ಮುಸ್ಲಿಂ' ತೆಗೆದು 'ನ್ಯಾಷನಲ್' ಅಂತ ಹಾಕಿದರು. ಕಾಶ್ಮೀರದ ಹಿಂದೂಗಳಾದ ಪಂಡಿತರೂ ಸಿಖ್ಖರೂ ಒಳಗೆ ಬರಲಿ ಅಂತ. ಇದು ಬರೀ ಬೋರ್ಡು ಬದಲಿಸಿದ್ದಲ್ಲ. ಒಪ್ಪದವರು ಸ್ವಲ್ಪ ದಿನಕ್ಕೆ ಬೇರೆಯಾಗಿ ಹಳೇ ಹೆಸರಿನಲ್ಲೇ ಮತ್ತೆ ಪಕ್ಷ ಮಾಡಿಕೊಂಡರು. 1944ರಲ್ಲಿ 'ನಯಾ ಕಾಶ್ಮೀರ್' ಅನ್ನುವ ಕಾರ್ಯಕ್ರಮ ಬಂತು, ಉಳುವವನಿಗೇ ಭೂಮಿ ಅನ್ನುವ ಮಾತು ಅದರಲ್ಲಿತ್ತು. 1946ರಲ್ಲಿ 'ಕಾಶ್ಮೀರ ಬಿಟ್ಟು ತೊಲಗಿ' ಅಂತ ಮಹಾರಾಜನ ವಿರುದ್ಧ ಚಳವಳಿ ನಡೆಯಿತು, ಶೇಖ್ ಜೈಲಿಗೆ ಹೋದರು. ಇದೆಲ್ಲ ನಡೆಯುವಾಗ ಬಾರಾಮುಲ್ಲಾದಲ್ಲಿ ಹದಿಹರೆಯದಲ್ಲಿದ್ದ ಹುಡುಗ ಮಕ್ಬೂಲ್. ನಾಯಕ ಅಲ್ಲ, ಭಾಷಣಕಾರ ಅಲ್ಲ. ನಮ್ಮ ಊರುಗಳಲ್ಲೂ ಇರುತ್ತಾರಲ್ಲ, ಎಲ್ಲ ಗಲಾಟೆಯಲ್ಲೂ ಮುಂದೆ ನಿಲ್ಲುವ, ಪೊಲೀಸರಿಗೆ ಮುಖಪರಿಚಯ ಇರುವ, ಮನೆಯವರು "ಇವನಿಗೆ ಯಾವಾಗ ಬುದ್ಧಿ ಬರುತ್ತೋ" ಅನ್ನುವ ಥರದವನು.

ಅವನ ಬಗ್ಗೆ ಊರವರು ಹೇಳುತ್ತಿದ್ದ ಕಥೆಗಳನ್ನು ಅಮೆರಿಕದ ಫೋಟೋ ಪತ್ರಕರ್ತೆ ಮಾರ್ಗರೆಟ್ ಬುರ್ಕ್-ವೈಟ್ ಆಗಲೇ ಬರೆದಿಟ್ಟಿದ್ದಾರೆ. ಕಂದಾಯ ಕಟ್ಟಲಾಗದ ರೈತರ ಪರ ನಿಲ್ಲುತ್ತಿದ್ದ, ಪೊಲೀಸರು ಯಾರನ್ನಾದರೂ ಹೊಡೆಯುವುದು ಕಂಡರೆ ಮಧ್ಯೆ ನುಗ್ಗುತ್ತಿದ್ದ ಅಂತ. 1944ರ ಬೇಸಿಗೆಯಲ್ಲಿ ಜಿನ್ನಾ ಕಾಶ್ಮೀರಕ್ಕೆ ಬಂದಿದ್ದಾಗ ಬಾರಾಮುಲ್ಲಾದ ಸಭೆಯಲ್ಲಿ ಎದ್ದು ಕೂಗಾಡಿ ಅಡ್ಡಿ ಮಾಡಿದವನು ಇವನೇ ಅಂತಲೂ ಹೇಳುತ್ತಾರೆ. ಲೆಕ್ಕ ಹಾಕಿ, ಆಗ ಅವನಿಗೆ ಹದಿನಾರರ ಹತ್ತಿರ. ನಮ್ಮ ಮನೆಯ ಹದಿನಾರರವರು ಕರೆಂಟ್ ಬಿಲ್ ಕಟ್ಟಿ ಬಾ ಅಂದರೆ ಏಳೋದಿಲ್ಲ.

ಈಗ 1947ಕ್ಕೆ ಬರೋಣ. ಅಕ್ಟೋಬರ್ 22ರಂದು ವಾಯವ್ಯ ಗಡಿ ಪ್ರಾಂತದ ಪಠಾಣ ಬುಡಕಟ್ಟುಗಳ ಸಾವಿರಾರು ಜನ ಲಾರಿಗಳಲ್ಲಿ ಮುಜಫ್ಫರಾಬಾದಿಗೆ ನುಗ್ಗಿದರು. ಕಾಶ್ಮೀರದಲ್ಲಿ ಇವತ್ತಿಗೂ ಇದಕ್ಕೆ 'ಕಬಾಯ್ಲಿ' ದಾಳಿ ಅಂತಲೇ ಹೆಸರು. ಕರೆತಂದು, ಬಂದೂಕು ಲಾರಿ ಒದಗಿಸಿದ್ದರ ಹಿಂದೆ ಪಾಕಿಸ್ತಾನದ ಸೇನೆಯ ಅಕ್ಬರ್ ಖಾನ್ ಅವರಂಥವರು ಇದ್ದರು. ಝೇಲಂ ನದಿಯ ಪಕ್ಕದ ರಸ್ತೆ ಹಿಡಿದು ಉರಿ, ಮಹೂರಾ, ಬಾರಾಮುಲ್ಲಾ, ಶ್ರೀನಗರ, ಇದು ದಾರಿ. ಮಹೂರಾದಲ್ಲಿದ್ದದ್ದು ಶ್ರೀನಗರಕ್ಕೆ ದೀಪ ಕೊಡುವ ವಿದ್ಯುತ್ ಕೇಂದ್ರ. ಅದು ಅವರ ಕೈಗೆ ಸಿಕ್ಕಿತು. ಅಕ್ಟೋಬರ್ 24, ದಸರಾ. ಮಹಾರಾಜನ ಅರಮನೆಯಲ್ಲಿ ದರ್ಬಾರು. ಊರಿಗೆ ಊರೇ ಕತ್ತಲಾಯಿತು. ಮೈಸೂರಿನ ದಸರಾ ದೀಪ ನೋಡಿ ಬೆಳೆದ ನಮಗೆ ಆ ಕತ್ತಲು ಹೇಗಿದ್ದೀತು ಅಂತ ಊಹಿಸಬಹುದು.

26ಕ್ಕೆ ಮಹಾರಾಜ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಾಳಿಕೋರರು ಬಾರಾಮುಲ್ಲಾಕ್ಕೆ ಬಂದಿದ್ದರು. ಅಲ್ಲಿಂದ ಶ್ರೀನಗರ 55 ಕಿಲೋಮೀಟರ್ ಹತ್ತಿರ, ಲಾರಿಯಲ್ಲಿ ಎರಡು ಗಂಟೆ. ಆದರೆ ಅವರು ಮುಂದೆ ಹೋಗಲಿಲ್ಲ, ಲೂಟಿಗೆ ನಿಂತರು. 27ರ ಬೆಳಗ್ಗೆ ಭಾರತದ ಸೈನಿಕರನ್ನು ಹೊತ್ತ ಡಕೋಟಾ ವಿಮಾನಗಳು ಶ್ರೀನಗರದಲ್ಲಿ ಇಳಿದವು. ಆ ಎರಡು ಗಂಟೆಯ ದಾರಿಯನ್ನು ಅವರು ತಕ್ಷಣ ಹಿಡಿದಿದ್ದರೆ ಇಳಿಯೋದಕ್ಕೆ ವಿಮಾನ ನಿಲ್ದಾಣ ಉಳಿಯುತ್ತಿತ್ತೋ ಇಲ್ಲವೋ.

ಈ ದಿನಗಳಲ್ಲಿ ಮಕ್ಬೂಲ್ ಊರು ಬಿಟ್ಟು ಓಡಲಿಲ್ಲ. ಓಡಬಹುದಿತ್ತು, ಕಣಿವೆಯ ಒಂದೊಂದು ಕಾಲುದಾರಿಯೂ ಅವನಿಗೆ ಗೊತ್ತಿತ್ತು. ಅದೇ ಕಾಲುದಾರಿಯಲ್ಲಿ ಹಳ್ಳಿಹಳ್ಳಿಗೆ ಹೋಗಿ, ಹಿಂದೂ ಸಿಖ್ಖ ಮುಸ್ಲಿಂ ಅಂತ ನೋಡಬೇಡಿ, ಒಟ್ಟಿಗೆ ಇರಿ, ಸೈನ್ಯ ಬರ್ತಿದೆ ಅಂತ ಹೇಳುತ್ತಿದ್ದ. ಸುಳ್ಳು ಸುದ್ದಿ ಹಬ್ಬಿಸಿ ದಾಳಿಕೋರರ ಗುಂಪುಗಳನ್ನು ತಪ್ಪು ದಾರಿಗೆ ಹಾಕುತ್ತಿದ್ದ. ಬುರ್ಕ್-ವೈಟ್ ಬರೆದ ಪ್ರಕಾರ ಹೀಗೆ ಮೂರು ಸಲ ಅವರನ್ನು ಸೈನ್ಯದ ಕೈಗೆ ಸಿಕ್ಕಿಸಿದ. ನಾಲ್ಕನೇ ಸಲ ಅವನೇ ಸಿಕ್ಕಿಬಿದ್ದ.

ಮುಂದಿನದನ್ನು ಬರೆಯುವುದಕ್ಕೆ ಕೈ ಬರೋದಿಲ್ಲ, ಆದರೂ ಕೇಳಿದ್ದೀರಿ. ಊರ ಚೌಕದಲ್ಲಿ ಸೇಬಿನ ಒಂದು ಸಣ್ಣ ಅಂಗಡಿ. ಅದರ ಜಗುಲಿಗೆ ಅವನನ್ನು ತಂದರು. ಬಂದೂಕಿನ ಹಿಂಬದಿಯಿಂದ ತಳ್ಳಿ ಊರವರನ್ನು ಎದುರಿಗೆ ನಿಲ್ಲಿಸಿದರು. ಪಾಕಿಸ್ತಾನ ಸೇರುವುದೇ ಮುಸ್ಲಿಮರಿಗೆ ಒಳ್ಳೇದು ಅಂತ ಹೇಳು ಅಂದರು. ಹೇಳಲಿಲ್ಲ. ಜಗುಲಿಯ ಕಂಬಗಳಿಗೆ ಕೈ ಚಾಚಿ ಕಟ್ಟಿದರು, ಅಂಗೈಗೆ ಮೊಳೆ ಹೊಡೆದರು, ಹಣೆಗೆ ಒಂದು ತಗಡಿನ ಚೂರು ಒತ್ತಿ ಅದರ ಮೇಲೆ 'ದ್ರೋಹಿಗೆ ಸಾವೇ ಶಿಕ್ಷೆ' ಅಂತ ಬರೆದರು. ಅವನು ಹಿಂದೂ-ಮುಸ್ಲಿಂ ಏಕತೆಗೆ ಜಯ ಅಂತ ಕೂಗಿದ. ಹದಿನಾಲ್ಕು ಜನ ಗುಂಡು ಹಾರಿಸಿದರು. ಇದು ಬುರ್ಕ್-ವೈಟ್ ಕೊಡುವ ಚಿತ್ರ. ದಿನಾಂಕ ನವೆಂಬರ್ 7 ಅಂತ ಹೇಳುತ್ತಾರೆ. ಅದೇ ದಿನ ಶ್ರೀನಗರದ ಹೊರಗಿನ ಶಾಲಟೆಂಗ್‌ನಲ್ಲಿ ಭಾರತದ ಸೈನ್ಯ ದಾಳಿಕೋರರನ್ನು ಮುರಿಯಿತು. 8ಕ್ಕೆ ಸೈನ್ಯ ಬಾರಾಮುಲ್ಲಾದಲ್ಲಿತ್ತು.

ಒಂದೇ ಒಂದು ದಿನ.

ಪ್ರಶ್ನೆ: ಹುತಾತ್ಮರಿಗೆ 'ಅವನು' ಅಂತ ಏಕವಚನ ಬಳಸಿದ್ದೀರಿ. ಇದು ಸರಿಯೇ? (ನಿವೃತ್ತ ಕನ್ನಡ ಪಂಡಿತರು, ತಿಪಟೂರು)

ಉತ್ತರ: ಮೇಷ್ಟ್ರೇ, ಕ್ಷಮಿಸಿ. ಬಹುವಚನ ಹಾಕಿ ಬರೆದು ನೋಡಿದೆ, ಅವನಿಗೆ ಐವತ್ತು ವರ್ಷ ಆದ ಹಾಗೆ ಕಂಡಿತು. ಅಭಿಮನ್ಯುವಿಗೆ ನಾವು ಯಾರೂ 'ಅವರು' ಅನ್ನೋದಿಲ್ಲವಲ್ಲ.

ಪ್ರಶ್ನೆ: ಅವನು ಮೋಟಾರ್ ಸೈಕಲ್ ಓಡಿಸಿಕೊಂಡು ಹೋಗಿ ದಾಳಿಕೋರರನ್ನು ಒಬ್ಬನೇ ನಾಲ್ಕು ದಿನ ತಡೆದ, ಕಾಶ್ಮೀರ ಉಳಿದದ್ದೇ ಅವನಿಂದ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ನೀವು ಮೋಟಾರ್ ಸೈಕಲ್ ವಿಷಯವೇ ಎತ್ತಲಿಲ್ಲ. (ಎಸ್. ಪಿ., ಧಾರವಾಡ)

ಉತ್ತರ: ಬೇಕಂತಲೇ ಎತ್ತಲಿಲ್ಲ. ನನಗೂ ಅದೇ ಮೆಸೇಜು ಮೂರು ಗುಂಪಿನಿಂದ ಬಂತು. ಒಂದರಲ್ಲಿ ಮೋಟಾರ್ ಸೈಕಲ್, ಒಂದರಲ್ಲಿ ಬರೀ ಸೈಕಲ್. ಮುಂದಿನ ವರ್ಷದ ಹೊತ್ತಿಗೆ ಕುದುರೆಯೂ ಬರಬಹುದು.

ನೋಡಿ, ದಾಳಿಕೋರರು ಬಾರಾಮುಲ್ಲಾದಲ್ಲಿ ಸಿಕ್ಕಿಕೊಂಡದ್ದಕ್ಕೆ ಬಹಳ ಕಾರಣ ಇದೆ. ಮೊದಲನೆಯದು ಲೂಟಿ. ಕೈಗೆ ಸಿಕ್ಕ ಚಿನ್ನ, ಬಟ್ಟೆ, ಪಾತ್ರೆ ಎಲ್ಲ ಲಾರಿಗೆ ತುಂಬಿ ವಾಪಸ್ ಕಳಿಸುವ ಗಡಿಬಿಡಿಯಲ್ಲಿ ಅವರಿಗೆ ಶ್ರೀನಗರ ಮರೆತೇ ಹೋಯಿತು. ಸಂಬಳ ಇಲ್ಲದೆ ಕರೆತಂದ ಲಷ್ಕರ್‌ಗೆ, ಅಂದರೆ ಬುಡಕಟ್ಟಿನ ದಂಡಿಗೆ, ಲೂಟಿಯೇ ಸಂಬಳ. ಇನ್ನು ಅದಕ್ಕೂ ಮೊದಲು ಉರಿಯ ಹತ್ತಿರ ಮಹಾರಾಜನ ಸೇನೆಯ ಬ್ರಿಗೇಡಿಯರ್ ರಾಜಿಂದರ್ ಸಿಂಗ್ ಬೆರಳೆಣಿಕೆಯ ಸೈನಿಕರನ್ನು ಇಟ್ಟುಕೊಂಡು ಸೇತುವೆ ಉಡಾಯಿಸಿ ಅವರನ್ನು ತಡೆದಿದ್ದರು, ಅಲ್ಲೇ ಸತ್ತರು. 27ರಂದು ಬಂದಿಳಿದ ಸಿಖ್ ರೆಜಿಮೆಂಟಿನ ಕರ್ನಲ್ ರಂಜಿತ್ ರಾಯ್ ಅದೇ ದಿನ ಬಾರಾಮುಲ್ಲಾ ದಾರಿಯಲ್ಲಿ ಸತ್ತರು. ನವೆಂಬರ್ 3ಕ್ಕೆ ಬಡಗಾಮ್‌ನಲ್ಲಿ ಮೇಜರ್ ಸೋಮನಾಥ ಶರ್ಮಾ ಪ್ರಾಣ ಬಿಟ್ಟರು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡೇ ಹೋರಾಡಿದ ಮನುಷ್ಯ, ದೇಶದ ಮೊದಲ ಪರಮವೀರ ಚಕ್ರ ಅವರದೇ. ಇಷ್ಟೂ ಜನರನ್ನು ಪಕ್ಕಕ್ಕೆ ಸರಿಸಿ ಎಲ್ಲವನ್ನೂ ಒಬ್ಬ ಹುಡುಗನ ಬೈಕಿಗೆ ಕಟ್ಟಿದರೆ ಅವರಿಗೂ ಅನ್ಯಾಯ, ಅವನಿಗೂ ಅನ್ಯಾಯ.

ಅವನಿಗೆ ಯಾಕೆ ಅಂದರೆ, ಬೈಕಿನ ಕಥೆಯಲ್ಲಿ ಅವನ ರಾಜಕೀಯವೇ ಮಾಯ ಆಗುತ್ತದೆ. ಅವನು ಸೈನ್ಯದ ಗೂಢಚಾರ ಅಂತ ಅನಿಸಿಬಿಡುತ್ತದೆ. ಅವನಿಗೆ ಒಂದು ಪಕ್ಷ ಇತ್ತು, ಅದಕ್ಕೆ ಭೂಮಿ, ಕಂದಾಯ, ಜೊತೆ ಬಾಳುವುದರ ಬಗ್ಗೆ ಒಂದು ವಿಚಾರ ಇತ್ತು, ಅದನ್ನು ಅವನು ನಾಲ್ಕಾರು ವರ್ಷದಿಂದ ಬೀದಿಯಲ್ಲಿ ಕೂಗುತ್ತಿದ್ದ. ಆ ದಿನ ಜಗುಲಿಯ ಮೇಲೆ ಹೊಸದಾಗಿ ಏನೂ ಹೇಳಬೇಕಾಗಿರಲಿಲ್ಲ ಅವನಿಗೆ. ಹಳೇ ಘೋಷಣೆಯನ್ನು ವಾಪಸ್ ತೆಗೆದುಕೊ ಅಂದರು, ತೆಗೆದುಕೊಳ್ಳಲಿಲ್ಲ. ಅಷ್ಟೇ.

ಮೊಳೆಯ ಬಗ್ಗೆಯೂ ಹಲವರು ಕೇಳಿದ್ದೀರಿ. ಅದು ಬುರ್ಕ್-ವೈಟ್ ಬರವಣಿಗೆಯಿಂದ ಹೆಚ್ಚು ಪ್ರಚಾರ ಆದದ್ದು. ದಾಳಿಕೋರರಿಗೆ ಇಂಥದ್ದು ಹೇಗೆ ಹೊಳೆಯಿತು, ಚರ್ಚಿನಲ್ಲಿ ಶಿಲುಬೆಯ ಮೂರ್ತಿ ನೋಡಿದ್ದರೇನೋ ಅಂತ ಆಕೆಯೇ ಅಚ್ಚರಿಪಟ್ಟಿದ್ದಾರೆ. ಆಕೆ ಘಟನೆ ನಡೆದಾಗ ಅಲ್ಲಿರಲಿಲ್ಲ, ಆಮೇಲೆ ಊರವರಿಂದ ಕೇಳಿದ್ದು. ಬೇರೆಯವರು ಹೇಳುವಾಗ ಈ ವಿವರ ಅಲ್ಲಿಲ್ಲಿ ಬದಲಾಗುತ್ತದೆ. ಎಲ್ಲರೂ ಒಪ್ಪುವುದು ಇಷ್ಟು: ಅವನ ಊರಲ್ಲೇ, ಸೈನ್ಯ ಬರುವ ಸ್ವಲ್ಪ ಮುಂಚೆ, ಗುಂಡಿಟ್ಟು ಕೊಂದರು. ನನಗೆ ಅಷ್ಟು ಸಾಕು.

ಪ್ರಶ್ನೆ: ಬಾರಾಮುಲ್ಲಾ ಅಂದರೆ ಏನರ್ಥ? (ಎಂಟನೇ ತರಗತಿ ವಿದ್ಯಾರ್ಥಿನಿ, ಸಾಗರ)

ಉತ್ತರ: ಚೆನ್ನಾಗಿ ಕೇಳಿದೆ ಪುಟ್ಟಿ. ಹಳೇ ಹೆಸರು ವರಾಹಮೂಲ. ವಿಷ್ಣುವಿನ ವರಾಹ ಅವತಾರದ ಊರು. ಬಾಯಿಂದ ಬಾಯಿಗೆ ಹೋಗುತ್ತಾ ವರಾಹಮೂಲ ಬಾರಾಮುಲ್ಲಾ ಆಯಿತು. ನಿಮ್ಮ ಊರಿನ ಹಣ್ಣಿನ ಅಂಗಡಿಗೆ ಹೋದಾಗ ಕಾಶ್ಮೀರದ ಸೇಬಿನ ಪೆಟ್ಟಿಗೆ ಇದ್ದರೆ ಮೇಲೆ ಸೋಪೋರ್ ಅಂತ ಬರೆದಿದೆಯಾ ನೋಡು. ಆ ಊರು ಬಾರಾಮುಲ್ಲಾ ಜಿಲ್ಲೆಯದೇ.

ಪ್ರಶ್ನೆ: ನಮ್ಮ ತಿಮ್ಮಯ್ಯನವರು ಕಾಶ್ಮೀರದಲ್ಲಿ ಹೋರಾಡಿದವರು. ಬಾರಾಮುಲ್ಲಾ ಬಿಡಿಸಿದ್ದು ಅವರೇ ಅಲ್ವಾ? (ಕೆ. ಬಿ., ಮಡಿಕೇರಿ)

ಉತ್ತರ: ಅಲ್ಲ. ಬೇಜಾರು ಮಾಡಿಕೊಳ್ಳಬೇಡಿ. 1947ರ ನವೆಂಬರ್‌ನಲ್ಲಿ ಬಾರಾಮುಲ್ಲಾಕ್ಕೆ ಹೋದದ್ದು ಬ್ರಿಗೇಡಿಯರ್ ಎಲ್. ಪಿ. ಸೇನ್ ಅವರ 161ನೇ ಬ್ರಿಗೇಡ್. ತಿಮ್ಮಯ್ಯನವರು ಕಾಶ್ಮೀರಕ್ಕೆ ಬಂದದ್ದು 1948ರಲ್ಲಿ, 19ನೇ ಡಿವಿಷನ್ನಿನ ಮುಖ್ಯಸ್ಥರಾಗಿ. ಅವರ ದೊಡ್ಡ ಸಾಹಸ ಜೋಜಿ ಲಾದಲ್ಲಿ. ಆ ವರ್ಷ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಮೇಲಿನ ಕಣಿವೆಯೊಳಗೆ ಟ್ಯಾಂಕುಗಳನ್ನು ಹತ್ತಿಸಿದರು. ಎದುರಿನವರು ಟ್ಯಾಂಕನ್ನು ಅಲ್ಲಿ ಕನಸಿನಲ್ಲೂ ನೆನೆದಿರಲಿಲ್ಲ. ಮಡಿಕೇರಿಯವರಿಗೆ ಜಂಬ ಪಡಲು ಅದು ಬೇಕಾದಷ್ಟಾಯಿತು.

ಪ್ರಶ್ನೆ: ದಾಳಿಕೋರರನ್ನು ಮತಾಂಧ ಉಗ್ರರು ಅನ್ನುತ್ತೀರಾ ಅಥವಾ ಬರೀ ದರೋಡೆಕೋರರು ಅನ್ನುತ್ತೀರಾ? (ವಕೀಲರು, ಕಲಬುರಗಿ)

ಉತ್ತರ: ವಕೀಲರಲ್ಲವೇ, ಸೆಕ್ಷನ್ ಕೇಳುತ್ತಿದ್ದೀರಿ! ಎರಡೂ. ಜನ ಸೇರಿಸಿದ್ದು ಜಿಹಾದ್ ಅಂತ ಕರೆಕೊಟ್ಟು. ಮುಸ್ಲಿಮರನ್ನು ಮಹಾರಾಜನಿಂದ ಬಿಡಿಸುತ್ತೇವೆ ಅಂತ. ಪೂಂಚ್‌ನಲ್ಲಿ ಮಹಾರಾಜನ ವಿರುದ್ಧ ಮುಸ್ಲಿಂ ರೈತರು, ಮಾಜಿ ಸೈನಿಕರು ದಂಗೆ ಎದ್ದಿದ್ದು ನಿಜ, ಅದನ್ನು ಸೇನೆ ಕ್ರೂರವಾಗಿ ತುಳಿದದ್ದೂ ನಿಜ. ಆದರೆ ಬಿಡಿಸಲು ಬಂದವರು ಬಾರಾಮುಲ್ಲಾದಲ್ಲಿ ಮುಸ್ಲಿಮರ ಮನೆಯನ್ನೂ ಬಿಡಲಿಲ್ಲ. ಅಕ್ಟೋಬರ್ 27ರಂದು ಸೇಂಟ್ ಜೋಸೆಫ್ ಕಾನ್ವೆಂಟಿನ ಆಸ್ಪತ್ರೆಗೆ ನುಗ್ಗಿ ಆರು ಜನರನ್ನು ಕೊಂದರು. ಸ್ಪೇನಿನಿಂದ ಬಂದಿದ್ದ ಸಿಸ್ಟರ್ ತೆರೆಸಲೀನಾ, ಅಲ್ಲಿಯ ಒಬ್ಬ ನರ್ಸ್, ಬ್ರಿಟಿಷ್ ಅಧಿಕಾರಿ ಕರ್ನಲ್ ಡೈಕ್ಸ್ ಮತ್ತವರ ಹೆಂಡತಿ ಅದರಲ್ಲಿದ್ದರು. ಸೈನ್ಯ ಬಂದ ಮರುದಿನ ಊರು ನೋಡಿದ ನ್ಯೂಯಾರ್ಕ್ ಟೈಮ್ಸ್ ವರದಿಗಾರ, ಹದಿನಾಲ್ಕು ಸಾವಿರ ಜನರಿದ್ದ ಊರಲ್ಲಿ ಈಗ ಉಳಿದವರು ಸಾವಿರ ಅಂತ ಬರೆದ. ಸತ್ತವರು ಎಷ್ಟೋ, ಕಾಡಿಗೆ ಓಡಿದವರು ಎಷ್ಟೋ.

ಮತದ ಹೆಸರಲ್ಲಿ ಹೊರಡುವ ಗುಂಪು ಅರ್ಧ ದಾರಿಯಲ್ಲಿ ಪಾತ್ರೆಪಡಗಕ್ಕೆ ನಿಲ್ಲುವುದು ಅಲ್ಲೊಂದೇ ಕಡೆ ನಡೆದದ್ದಲ್ಲ. ನಮ್ಮ ಕಡೆಯ ಗಲಭೆಗಳ ಮಾರನೇ ದಿನ ಯಾರ ಅಂಗಡಿಯ ಟಿವಿ ಯಾರ ಮನೆಯಲ್ಲಿರುತ್ತದೆ ಅಂತ ಕೇಸು ನಡೆಸಿದ ನಿಮಗೇ ಚೆನ್ನಾಗಿ ಗೊತ್ತು.

ಪ್ರಶ್ನೆ: ಸಾವಿರಾರು ಜನ ದಾಳಿ ಮಾಡಿದಾಗ ಒಬ್ಬ ಶೇರ್ವಾನಿ ಸಿಕ್ಕಿದ ಅಂತ ಕುಣಿಯುತ್ತೀರಲ್ಲ. ಉಗ್ರವಾದ ಅಂದರೆ ಒಂದೇ ಕಡೆಯದು. ನಿಮ್ಮಂಥವರಿಗೆ ಬ್ಯಾಲೆನ್ಸ್ ಮಾಡುವ ಚಟ. (ಹೆಸರು ಬೇಡ ಅಂದವರು, ಬೆಂಗಳೂರು)

ಉತ್ತರ: ಚಟ ಇರಬಹುದು, ಒಪ್ಪಿದೆ. ಬೈದದ್ದಕ್ಕೆ ಬೇಜಾರಿಲ್ಲ. ಆದರೆ ಅದೇ ವರ್ಷದ, ಅದೇ ತಿಂಗಳ, ಅದೇ ಪಕ್ಷದ ಇನ್ನೊಬ್ಬ ಹುಡುಗನ ಕಥೆ ಹೇಳುತ್ತೇನೆ, ಪೂರ್ತಿ ಓದಿ ಆಮೇಲೆ ಬೈಯಿರಿ.

ಜಮ್ಮು. ವೇದ್ ಭಸಿನ್ ಅಂತ, ಹುಟ್ಟಿದ್ದು 1929ರಲ್ಲಿ, ಆಗ ಹದಿನೆಂಟು. ಹಿಂದೂ, ಖತ್ರಿ ಮನೆತನ, ಕಾಲೇಜು ಹುಡುಗ, ನ್ಯಾಷನಲ್ ಕಾನ್ಫರೆನ್ಸ್ ಕಡೆಯವನು. ಊರಲ್ಲಿ ಬಿಸಿ ಏರುತ್ತಿದ್ದಾಗ ಗೆಳೆಯರನ್ನು ಸೇರಿಸಿಕೊಂಡು ಶಾಂತಿ ಕಾಪಾಡುವ ವಿದ್ಯಾರ್ಥಿ ಸಂಘಟನೆ ಕಟ್ಟಲು ಓಡಾಡಿದ. ಜಮ್ಮುವಿನ ಗವರ್ನರ್ ಕರೆಸಿದರು. ಮುಂದೆ ಭಸಿನ್ ಅವರೇ ಹೇಳಿಕೊಂಡ ಹಾಗೆ, ಗವರ್ನರ್ ಹೇಳಿದ್ದರ ಸಾರ ಇದು: ನಿನ್ನನ್ನು ಒಳಗೆ ಹಾಕಬಹುದಿತ್ತು, ನೀನೂ ನನ್ನ ಥರ ಖತ್ರಿ, ದೂರದ ಸಂಬಂಧಿ ಬೇರೆ, ಅದಕ್ಕೆ ಬುದ್ಧಿ ಹೇಳಿ ಬಿಡುತ್ತಿದ್ದೇನೆ. ಇದು ಶಾಂತಿ ಸಮಿತಿ ಕಟ್ಟುವ ಹೊತ್ತಲ್ಲ, ಹಿಂದೂ ಸಿಖ್ಖರ ರಕ್ಷಣಾ ಸಮಿತಿ ಮಾಡಿದ್ದೇವೆ, ಅದಕ್ಕೆ ಸೇರು, ರೆಹಾಡಿಯಲ್ಲಿ ಹುಡುಗರಿಗೆ ತರಬೇತಿ ನಡೀತಿದೆ. ಅಲ್ಲಿಗೆ ಹೋಗಿ ನೋಡಿಬಂದ ಗೆಳೆಯ, ಸೈನಿಕರು ಆರೆಸ್ಸೆಸ್ ಹುಡುಗರಿಗೆ .303 ರೈಫಲ್ ಹಿಡಿಯುವುದನ್ನು ಕಲಿಸುತ್ತಿದ್ದಾರೆ ಅಂತ ಹೇಳಿದನಂತೆ.

ನವೆಂಬರ್ 5 ಮತ್ತು 6. ಜಮ್ಮುವಿನ ಮುಸ್ಲಿಮರನ್ನು ಪಾಕಿಸ್ತಾನಕ್ಕೆ ಬಿಡುತ್ತೇವೆ ಅಂತ ಲಾರಿ ಬಸ್ಸುಗಳಲ್ಲಿ ತುಂಬಿಸಿದರು. ಅವು ಗಡಿ ಮುಟ್ಟಲಿಲ್ಲ, ದಾರಿಯಲ್ಲೇ ಕಡಿದು ಹಾಕಿದರು. ಹೆಂಗಸರು ಮಕ್ಕಳನ್ನೂ ಬಿಡಲಿಲ್ಲ. ಇತ್ತ ಬಾರಾಮುಲ್ಲಾದಲ್ಲಿ ಮಕ್ಬೂಲ್‌ನನ್ನು ಕಂಬಕ್ಕೆ ಕಟ್ಟಿದ ವಾರವೇ ಅತ್ತ ಜಮ್ಮುವಿನಲ್ಲಿ ಇದು. ಅದೇ ತಿಂಗಳು ಮೀರ್‌ಪುರ, ರಜೌರಿಯಲ್ಲಿ ಹಿಂದೂ ಸಿಖ್ಖರನ್ನು ಅದೇ ಥರ ಕಡಿದರು. ಒಂದೇ ಸಂಸ್ಥಾನ, ಒಂದೇ ಚಳಿಗಾಲ. ಬ್ಯಾಲೆನ್ಸ್ ಮಾಡಿದವನು ನಾನಲ್ಲ ಸ್ವಾಮಿ.

ನನಗೆ ಈ ಇಬ್ಬರು ಹುಡುಗರಲ್ಲಿ ಒಂದು ವಿಷಯ ಎದ್ದು ಕಾಣುತ್ತದೆ. ಮಕ್ಬೂಲ್ ಎದುರು ನಿಂತದ್ದು ಅವನ ಮತದ ಹೆಸರು ಹೇಳಿಕೊಂಡು ಬಂದವರಿಗೆ. ವೇದ್ ಎದುರು ನಿಂತದ್ದು ಅವನ ಜಾತಿಯವರಿಗೇ, ಸಂಬಂಧಿಕರಿಗೇ. "ನೀನೂ ನಮ್ಮವನೇ" ಅಂತ ಪ್ರೀತಿಯಿಂದ ಕರೆಯುವವರಿಗೆ ಇಲ್ಲ ಅನ್ನುವುದು ಬಂದೂಕಿಗೆ ಇಲ್ಲ ಅನ್ನುವುದಕ್ಕಿಂತ ಸುಲಭ ಅಂತ ನನಗೆ ಅನಿಸೋದಿಲ್ಲ. ಆ ಕಡೆಯ ಉಗ್ರವಾದವನ್ನು ಈ ಕಡೆ ಕೂತು ಬೈಯೋದಕ್ಕೆ ಏನು ಖರ್ಚು? ನೀವೂ ಮಾಡಬಹುದು, ನಾನೂ ಮಾಡಬಹುದು, ಕಾಫಿ ಕುಡೀತಾ.

ವೇದ್ ಭಸಿನ್ ಉಳಿದುಕೊಂಡರು. 1954ರಲ್ಲಿ 'ಕಾಶ್ಮೀರ್ ಟೈಮ್ಸ್' ಪತ್ರಿಕೆ ಶುರು ಮಾಡಿದರು, 2015ರಲ್ಲಿ ತೀರಿಕೊಂಡರು. ಇವರಿಗೆ ಬಹುವಚನ ಬಳಸಿದ್ದೇನೆ, ತಿಪಟೂರಿನ ಮೇಷ್ಟ್ರು ಗಮನಿಸಬೇಕು.

ಪ್ರಶ್ನೆ: ನಿಮ್ಮ ನಾಲ್ಕು ಸಾಲು ಓದಿ ನಿದ್ದೆ ಬರಲಿಲ್ಲ. ನನ್ನ ಮಗನಿಗೂ ಹತ್ತೊಂಬತ್ತು. ಕಾಲೇಜಿನಲ್ಲಿ ಯಾವುದೋ ಸಂಘಟನೆ ಸೇರಿದ್ದಾನೆ. ದ್ವೇಷದ ಭಾಷಣದ ವಿರುದ್ಧ ಕರಪತ್ರ ಹಂಚುತ್ತಾನೆ. ಯಾರೋ ಫೋನ್ ಮಾಡಿ "ನಿಮ್ಮ ಹುಡುಗನಿಗೆ ಹೇಳಿ" ಅಂದರು. ಅವರಪ್ಪ ಕಾಲೇಜು ಬಿಡಿಸುತ್ತೇನೆ ಅನ್ನುತ್ತಾರೆ. ಏನು ಮಾಡಲಿ? (ಒಬ್ಬ ತಾಯಿ, ಹುಬ್ಬಳ್ಳಿ)

ಉತ್ತರ: ಅಕ್ಕಾ, ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೊದಲು ಆ ಫೋನಿನ ವಿಷಯ. ಬಂದ ದಿನ, ಹೊತ್ತು, ನಂಬರು ಒಂದು ಕಡೆ ಬರೆದಿಡಿ. ಇನ್ನೊಂದು ಸಲ ಬಂದರೆ ನೀವೂ ಯಜಮಾನರೂ ಠಾಣೆಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ಇಸಿದುಕೊಳ್ಳದೆ ಎದ್ದು ಬರಬೇಡಿ. ಗೊತ್ತಿರುವ ವಕೀಲರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೇದು. ಮಗನಿಗೆ ಹೇಳಿ, ರಾತ್ರಿ ಪೋಸ್ಟರ್ ಅಂಟಿಸೋದಕ್ಕೆ ಒಬ್ಬನೇ ಹೋಗೋದು ಬೇಡ, ಎಲ್ಲಿಗೆ ಹೋದರೂ ಮನೆಗೆ ತಿಳಿಸಿ ಹೋಗಲಿ, ಮೊಬೈಲಿನಲ್ಲಿ ಕೆಣಕಿದವರಿಗೆಲ್ಲ ಉತ್ತರ ಕೊಡುತ್ತಾ ಕೂರೋದು ಬೇಡ.

ಕಾಲೇಜು ಬಿಡಿಸಬೇಡಿ. ನನ್ನದೇ ಒಂದು ಮಾತು ಹೇಳುತ್ತೇನೆ. ನನಗೆ ಇಪ್ಪತ್ತಾಗಿದ್ದಾಗ ನಮ್ಮ ಊರಿನ ಒಂದು ಗಲಾಟೆಯಲ್ಲಿ ನಾನೂ ಪಕ್ಕದ ಬೀದಿಯ ಅಂಗಡಿಯವರ ಪರ ಒಂದು ಹೇಳಿಕೆಗೆ ಸಹಿ ಹಾಕಿದ್ದೆ. ಮನೆಗೆ ಇಬ್ಬರು ಹಿರಿಯರು ಬಂದರು, ಚಹಾ ಕುಡಿದರು, ನಗುನಗುತ್ತಲೇ "ಹುಡುಗನ ಭವಿಷ್ಯ ನೋಡಿ" ಅಂದರು. ಮಾರನೇ ದಿನ ಅಪ್ಪ ನನ್ನನ್ನು ಬಸ್ಸು ಹತ್ತಿಸಿ ಚಿಕ್ಕಮ್ಮನ ಮನೆಗೆ ಕಳಿಸಿದರು. ಎರಡು ತಿಂಗಳು ಬಿಟ್ಟು ಬಂದಾಗ ಆ ಅಂಗಡಿಯೇ ಇರಲಿಲ್ಲ. ಅಪ್ಪನ ಮೇಲೆ ಸಿಟ್ಟಿಲ್ಲ. ಆದರೆ ಆ ಖಾಲಿ ಷಟರ್ ಇದೆಯಲ್ಲ, ಅದು ಮರೆಯುವುದಿಲ್ಲ. ನಿಮ್ಮ ಮಗ ಶೇರ್ವಾನಿ ಆಗಬೇಕಾಗಿಲ್ಲ, ಆಗದಿರಲಿ ಅಂತಲೇ ಹಾರೈಸುತ್ತೇನೆ. ಅವನ ಜೊತೆ ಒಂದು ದಿನ ಕೂತು ಆ ಕರಪತ್ರ ಓದಿ ನೋಡಿ. ನೀವು ಓದಿದ್ದೀರಾ ಅಂತ ನಿಮ್ಮ ಕಾಗದದಲ್ಲಿ ಇರಲಿಲ್ಲ.

ಪ್ರಶ್ನೆ: ಕಾಶ್ಮೀರದವರು ಇವತ್ತು ಅವನನ್ನು ನೆನೆಯುತ್ತಾರಾ? ಗಾಂಧೀಜಿ ಅವನ ಬಗ್ಗೆ ಮಾತಾಡಿದ್ದರು ಅಂತ ಕೇಳಿದ್ದೇನೆ. (ಇತಿಹಾಸ ಎಂ.ಎ. ವಿದ್ಯಾರ್ಥಿ, ಮಾನಸಗಂಗೋತ್ರಿ, ಮೈಸೂರು)

ಉತ್ತರ: ಹೌದು, ದೆಹಲಿಯ ಪ್ರಾರ್ಥನಾ ಸಭೆಯಲ್ಲಿ ಗಾಂಧೀಜಿ ಅವನನ್ನು ನೆನೆದರು. ಹಿಂದೂ ಆಗಲಿ ಸಿಖ್ಖ ಆಗಲಿ ಮುಸ್ಲಿಂ ಆಗಲಿ, ಯಾರೇ ಆದರೂ ಹೆಮ್ಮೆ ಪಡುವ ಬಲಿದಾನ ಇದು ಅನ್ನುವ ಅರ್ಥದಲ್ಲಿ. ಎರಡೂವರೆ ತಿಂಗಳು ಕಳೆಯುವಷ್ಟರಲ್ಲಿ ಗಾಂಧೀಜಿಯೇ ಇರಲಿಲ್ಲ.

ಬಾರಾಮುಲ್ಲಾದಲ್ಲಿ ಅವನ ಹೆಸರಿನ ಶೇರ್ವಾನಿ ಹಾಲ್ ಇದೆ. ಸೈನ್ಯ ಅವನಿಗೆ ಗೌರವ ಸಲ್ಲಿಸುತ್ತದೆ, ಹೂವಿನ ಹಾರ ಇಡುತ್ತದೆ. ಜನರ ನೆನಪು ಇಷ್ಟು ಸಲೀಸಲ್ಲ. ನೀವು ಇತಿಹಾಸದ ವಿದ್ಯಾರ್ಥಿ ಆದ್ದರಿಂದ ಹೇಳುತ್ತೇನೆ, ಇದನ್ನು ವಾಟ್ಸ್ಆ್ಯಪ್‌ನವರು ಹೇಳೋದಿಲ್ಲ. ದಾಳಿಕೋರರು ಮಕ್ಬೂಲ್‌ಗೆ "ಶೇರ್-ಎ-ಕಾಶ್ಮೀರ್ ಮುರ್ದಾಬಾದ್" ಅನ್ನು ಅಂದಿದ್ದರು. ಶೇರ್-ಎ-ಕಾಶ್ಮೀರ್ ಅಂದರೆ ಶೇಖ್ ಅಬ್ದುಲ್ಲಾ, ಮುರ್ದಾಬಾದ್ ಅಂದರೆ ಧಿಕ್ಕಾರ. ಅವನು ಅನ್ನಲಿಲ್ಲ, ಸತ್ತ. 1953ರ ಆಗಸ್ಟ್‌ನಲ್ಲಿ, ಆರೇ ವರ್ಷಕ್ಕೆ, ಅದೇ ಶೇಖ್ ಅಬ್ದುಲ್ಲಾರನ್ನು ಪ್ರಧಾನಿ ಪಟ್ಟದಿಂದ ಇಳಿಸಿ ಜೈಲಿಗೆ ಹಾಕಿದರು. ದಾಳಿಕೋರರಲ್ಲ, ಪಾಕಿಸ್ತಾನದವರಲ್ಲ, ನಾವೇ. (ಆಗ ಕಾಶ್ಮೀರದಲ್ಲಿ ಮುಖ್ಯಮಂತ್ರಿಗೆ ಪ್ರಧಾನಿ ಅನ್ನುತ್ತಿದ್ದರು.) ನಡುವೆ ಕೆಲವು ತಿಂಗಳು ಬಿಟ್ಟರೆ 1964ರವರೆಗೂ ಒಳಗೇ ಇದ್ದರು. ಮಕ್ಬೂಲ್ ಬದುಕಿದ್ದರೆ 1953ರಲ್ಲಿ ಅವನಿಗೆ ಇಪ್ಪತ್ತೈದು. ಆ ಹುಡುಗನ ಸ್ವಭಾವ ನೋಡಿದರೆ ಆ ದಿನ ಬೀದಿಯಲ್ಲಿ ಯಾವ ಘೋಷಣೆ ಕೂಗುತ್ತಿದ್ದ, ಯಾರ ಲಾಠಿ ಅವನ ಬೆನ್ನಿಗೆ ಬೀಳುತ್ತಿತ್ತು ಅಂತ ನೀವೇ ಯೋಚಿಸಿ.

ಹೀಗಾಗಿ ಅವನು ಎರಡೂ ಕಡೆಯವರಿಗೂ ಸ್ವಲ್ಪ ಇರುಸುಮುರುಸು. ಪಾಕಿಸ್ತಾನದ ಕಡೆ ಒಲವಿದ್ದವರಿಗೆ ಅವನು ಆಗಲೂ ದ್ರೋಹಿ, ಆಮೇಲೂ ದ್ರೋಹಿ. ಇತ್ತ ದೆಹಲಿಗೆ ಅವನ ಸಾವು ಬೇಕಿತ್ತು, ಅವನು ಬಿಟ್ಟುಕೊಡದ ಶೇಖ್ ಬೇಡವಾಗಿದ್ದರು. 1989ರ ಆಗಸ್ಟ್ 21ರಂದು ಶ್ರೀನಗರದಲ್ಲಿ ಮೊಹಮ್ಮದ್ ಯೂಸುಫ್ ಹಲ್ವಾಯಿ ಅನ್ನುವ ನ್ಯಾಷನಲ್ ಕಾನ್ಫರೆನ್ಸ್ ಕಾರ್ಯಕರ್ತನನ್ನು ಉಗ್ರರು ಗುಂಡಿಟ್ಟು ಕೊಂದರು. ಆಮೇಲೆ ಸಾಲು ಸಾಲಾಗಿ ಪಕ್ಷದ ಕಾರ್ಯಕರ್ತರು ಸತ್ತರು. ಅಂಥ ಕಾಲದಲ್ಲಿ ಶೇರ್ವಾನಿ ನನ್ನ ಆದರ್ಶ ಅಂತ ಯಾವ ಹುಡುಗ ಗಟ್ಟಿಯಾಗಿ ಹೇಳಬೇಕು?

1947ರ ಆ ದಿನಗಳಲ್ಲಿ ಶ್ರೀನಗರದ ಪಲ್ಲೇಡಿಯಂ ಚಿತ್ರಮಂದಿರ ಪಕ್ಷದ ಸ್ವಯಂಸೇವಕ ದಳದ ಕಚೇರಿ ಆಗಿತ್ತು. ಕೆಲವರ ಕೈಯಲ್ಲಿ ಬರೀ ಮರದ ಬಂದೂಕು. ಸಾಲಾಗಿ ನಡೆಯುತ್ತಾ ಅವರು ಕೂಗುತ್ತಿದ್ದದ್ದು "ಹಮ್ಲಾವರ್ ಖಬರ್ದಾರ್, ಹಮ್ ಕಶ್ಮೀರಿ ಹೈಂ ತಯಾರ್" ಅಂತ. ದಾಳಿಕೋರರೇ ಹುಷಾರ್, ಕಾಶ್ಮೀರಿಗಳು ನಾವು ತಯಾರಿದ್ದೇವೆ ಅಂತ ಅರ್ಥ. ಇನ್ನೊಂದು ಘೋಷಣೆಯಲ್ಲಿ ಶೇರ್-ಎ-ಕಾಶ್ಮೀರ್ ಏನಂದರು ಅಂತ ಒಬ್ಬ ಕೇಳುತ್ತಾನೆ, "ಹಿಂದೂ ಮುಸ್ಲಿಂ ಸಿಖ್ ಇತ್ತೆಹಾದ್" ಅಂತ ಉಳಿದವರು ಹೇಳುತ್ತಾರೆ. ಇತ್ತೆಹಾದ್ ಅಂದರೆ ಒಗ್ಗಟ್ಟು. ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದೇನೆ ಅಂತಲೂ ಕಾಗದದಲ್ಲಿ ಬರೆದಿದ್ದೀರಲ್ಲ, ಆ ಮರದ ಬಂದೂಕಿನ ಹುಡುಗರು ಮುಂದೆ ಏನಾದರು ಅನ್ನುವುದರಿಂದ ಶುರು ಮಾಡಿ. ನಿಮ್ಮ ಗೈಡ್ ಮೇಡಂ ಒಪ್ಪದಿದ್ದರೆ ನನಗೆ ಬರೆಯಿರಿ.

(ಮೋಟಾರ್ ಸೈಕಲ್ ಯಾವ ಕಂಪನಿಯದು ಅಂತ ಕೇಳಿದ ದಾವಣಗೆರೆಯವರಿಗೆ: ಸ್ವಾಮಿ, ಮೇಲೆ ಧಾರವಾಡದವರಿಗೆ ಕೊಟ್ಟ ಉತ್ತರ ಇನ್ನೊಮ್ಮೆ ಓದಿ.)